ಕರಿದ ಎಣ್ಣೆಗೆ ಓಡುವ ಎಂಜಿನ್

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ತೋಟದ ಬಾವಿ ಹತ್ತಿರ ಐದು ಎಚ್‌ಪಿಯ ಹಳೆಯ ಡೀಸೆಲ್ ಪಂಪ್‌ಸೆಟ್ ಒಂದು ಇತ್ತು. ಕರೆಂಟ್ ಕೈಕೊಟ್ಟ ದಿನ ಅದೇ ನಮಗೆ ಗತಿ. ಒಂದು ಬೇಸಿಗೆಯಲ್ಲಿ ಡೀಸೆಲ್ ಖರ್ಚು ತಡೆಯೋಕೆ ಆಗದೆ, ಬಸ್ ಸ್ಟ್ಯಾಂಡ್ ಪಕ್ಕದ ಬೋಂಡಾ ಅಂಗಡಿಯಿಂದ ಕರಿದು ಉಳಿದ ಎಣ್ಣೆಯನ್ನು ಒಂದು ಡಬ್ಬ ತಂದೆ. ಹಳೆಯ ಪಂಚೆಯಲ್ಲಿ ಎರಡು ಸಲ ಸೋಸಿದೆ. ಡೀಸೆಲ್ ಜೊತೆ ಅರ್ಧಕ್ಕರ್ಧ ಬೆರೆಸಿ ಟ್ಯಾಂಕಿಗೆ ಸುರಿದೆ. ಎಂಜಿನ್ ಸ್ಟಾರ್ಟ್ ಆಯಿತು. ಪೈಪಿನ ತುಂಬ ನೀರು ಬಂತು. ಹೊಗೆಯಲ್ಲಿ ಸಂಜೆ ಹೊತ್ತಿನ ಬೋಂಡಾ ಅಂಗಡಿಯ ವಾಸನೆ. ಆ ದಿನ ನನಗಾದ ಖುಷಿ ಅಷ್ಟಿಷ್ಟಲ್ಲ.

ಎರಡು ತಿಂಗಳು ಹಾಗೇ ಓಡಿತು. ಮೂರನೇ ತಿಂಗಳು ಹ್ಯಾಂಡಲ್ ಎಷ್ಟು ತಿರುಗಿಸಿದರೂ ಜಪ್ಪಯ್ಯ ಅನ್ನಲಿಲ್ಲ.

ಮೆಕ್ಯಾನಿಕ್ ಬಂದು ನೋಜಲ್ ಬಿಚ್ಚಿ ನನ್ನ ಅಂಗೈ ಮೇಲೆ ಇಟ್ಟರು. ಅದರ ತುದಿಯಲ್ಲಿ ಡೀಸೆಲ್ ಚಿಮ್ಮುವ ತೂತುಗಳಿರುತ್ತವೆ. ಸೂಜಿಮೊನೆಗೂ ಸಿಗದಷ್ಟು ಸಣ್ಣವು. ಆ ತೂತುಗಳ ಸುತ್ತ ಕರೀ ಕಾರ್ಬನ್ ಹೂವಿನ ಎಸಳಿನ ಹಾಗೆ ಎದ್ದು ನಿಂತಿತ್ತು. ಉಗುರಲ್ಲಿ ಕೆರೆದರೂ ಬರಲಿಲ್ಲ. ಪಿಸ್ಟನ್ ರಿಂಗುಗಳು ತಾವು ಕೂರುವ ತೋಡಿನಲ್ಲೇ ಅಂಟಿಕೊಂಡಿದ್ದವು. ಕೆಳಗಿನ ಎಂಜಿನ್ ಆಯಿಲ್ ಬೆಲ್ಲದ ಪಾಕದ ಹಾಗೆ ಎಳೆ ಬರುತ್ತಿತ್ತು. ರಿಪೇರಿಗೆ ಕೊಟ್ಟ ದುಡ್ಡಲ್ಲಿ ಆ ಬೇಸಿಗೆ ಪೂರ್ತಿ ಡೀಸೆಲ್ ಹಾಕಿಸಬಹುದಿತ್ತು.

ತಪ್ಪು ಎಲ್ಲಾಯಿತು? ಎಣ್ಣೆ ಉರಿಯುತ್ತದೆ, ಅದರಲ್ಲಿ ಕಸುವೂ ಇದೆ. ತೊಂದರೆ ಇರುವುದು ಅದರ ಮಂದದಲ್ಲಿ. ಡೀಸೆಲ್ ಎಂಜಿನ್‌ನಲ್ಲಿ ಪೆಟ್ರೋಲ್ ಎಂಜಿನ್ ಹಾಗೆ ಸ್ಪಾರ್ಕ್ ಪ್ಲಗ್ ಇರುವುದಿಲ್ಲ. ಗಾಳಿಯನ್ನು ಒತ್ತಿ ಒತ್ತಿ ಕಾಯಿಸಿ, ಆ ಬಿಸಿಯೊಳಗೆ ಇಂಧನವನ್ನು ಮಂಜಿನ ಹಾಗೆ ಸಿಂಪಡಿಸಬೇಕು. ಮಂಜಾದರೆ ಪೂರ್ತಿ ಉರಿಯುತ್ತದೆ. ದಪ್ಪ ಹನಿಯಾದರೆ ಅರೆಬರೆ ಉರಿದು ಕಾರ್ಬನ್ ಕಟ್ಟುತ್ತದೆ. 40 ಡಿಗ್ರಿ ಬಿಸಿಯಲ್ಲಿ ಅಳೆದರೆ ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. ನೋಜಲ್ ಅದನ್ನು ಮಂಜು ಮಾಡಲಾರದು. ಉರಿಯದೆ ಉಳಿದ ಎಣ್ಣೆ ರಿಂಗುಗಳ ಸಂದಿಯಿಂದ ಕೆಳಗಿಳಿದು ಎಂಜಿನ್ ಆಯಿಲ್ ಜೊತೆ ಸೇರಿ ಅಂಟಾಗುತ್ತದೆ. ನನ್ನ ಪಂಪ್‌ಸೆಟ್‌ಗೆ ಆಗಿದ್ದು ಇದೇ.

ಹಾಗಂತ ಸಸ್ಯದ ಎಣ್ಣೆಗೂ ಡೀಸೆಲ್ ಎಂಜಿನ್‌ಗೂ ಇರುವ ನಂಟು ನಿನ್ನೆ ಮೊನ್ನೆಯದಲ್ಲ. 1900ರಲ್ಲಿ ಪ್ಯಾರಿಸ್‌ನಲ್ಲಿ ದೊಡ್ಡ ವಿಶ್ವ ಪ್ರದರ್ಶನ ನಡೆಯಿತು. ಅಲ್ಲಿ ಒಂದು ಸಣ್ಣ ಡೀಸೆಲ್ ಎಂಜಿನನ್ನು ಕಡಲೆಕಾಯಿ ಎಣ್ಣೆ ಹಾಕಿ ಓಡಿಸಿದರು. ಅದು ಎಷ್ಟು ಸಲೀಸಾಗಿ ಓಡಿತೆಂದರೆ, ಇಂಧನ ಬೇರೆ ಅನ್ನುವುದು ನೋಡಲು ಬಂದ ಬಹಳ ಜನಕ್ಕೆ ಗೊತ್ತೇ ಆಗಲಿಲ್ಲ. ಇದನ್ನು ಈ ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಅವರೇ 1912ರಲ್ಲಿ ನೆನೆಸಿಕೊಂಡಿದ್ದಾರೆ. ಆಫ್ರಿಕಾದ ತನ್ನ ವಸಾಹತುಗಳಲ್ಲಿ ಕಡಲೆಕಾಯಿ ಧಾರಾಳವಾಗಿ ಸಿಗುತ್ತದೆ, ಅಲ್ಲಿನ ಎಣ್ಣೆಯಲ್ಲೇ ಎಂಜಿನ್ ಓಡಿಸಬಹುದು ಅನ್ನುವುದು ಫ್ರಾನ್ಸ್ ಸರ್ಕಾರದ ಲೆಕ್ಕಾಚಾರವಾಗಿತ್ತು. ಆಮೇಲೆ ಪೆಟ್ರೋಲಿಯಂ ಅಗ್ಗವಾಗಿ ಸಿಕ್ಕಿತು. ಎಂಜಿನ್‌ಗಳೂ ಆ ತೆಳುವಾದ ಡೀಸೆಲ್‌ಗೆ ಹೊಂದಿಕೊಂಡೇ ಬೆಳೆದವು. ಈಗಿನ ಕಾಮನ್ ರೈಲ್ ಎಂಜಿನ್‌ನಲ್ಲಿ ಎಲ್ಲ ನೋಜಲ್‌ಗಳಿಗೂ ಒಂದೇ ಪೈಪಿನಿಂದ ಇಂಧನ ಹೋಗುತ್ತದೆ; ಅದರ ಒತ್ತಡ 1,600 ಬಾರ್, ಅಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 1,600 ಪಟ್ಟು ದಾಟುತ್ತದೆ. ಅದಕ್ಕೆ ಸೋಸಿದ ಎಣ್ಣೆಯನ್ನು ಹಾಗೇ ಸುರಿದರೆ ನನ್ನ ಪಂಪ್‌ಸೆಟ್‌ನಷ್ಟು ದಿನವೂ ತಾಳುವುದಿಲ್ಲ.

ಎಣ್ಣೆಯ ಮಂದ ಕಡಿಮೆ ಮಾಡಲು ದಾರಿ ಎರಡು. ಒಂದು, ಕಾಯಿಸುವುದು. ಜರ್ಮನಿ, ಇಂಗ್ಲೆಂಡ್, ಅಮೆರಿಕದಲ್ಲಿ ಹಲವರು ಕಾರಿಗೆ ಎರಡು ಟ್ಯಾಂಕ್ ಇಟ್ಟುಕೊಂಡರು. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡುವುದು, ರೇಡಿಯೇಟರ್‌ನ ಬಿಸಿನೀರಿನಿಂದ ಎಣ್ಣೆ ಕಾದ ಮೇಲೆ ಅದಕ್ಕೆ ಬದಲಾಯಿಸುವುದು, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್‌ಗೆ ಬರುವುದು. ಹಳೇ ಕಾಲದ ಗಟ್ಟಿ ಎಂಜಿನ್‌ಗಳಲ್ಲಿ ಇದು ನಡೆಯಿತು. 2002ರಲ್ಲಿ ವೇಲ್ಸ್‌ನ ಲಾನೆಲ್ಲಿ ಊರಿನಲ್ಲಿ, ತೆರಿಗೆ ಕಟ್ಟದೆ ಅಡುಗೆ ಎಣ್ಣೆಯಲ್ಲಿ ಕಾರು ಓಡಿಸುವವರನ್ನು ಹಿಡಿಯಲು ಪೊಲೀಸರೇ ರಸ್ತೆಗಿಳಿದಿದ್ದರು. ಮುಂದೆ 2007ರಲ್ಲಿ ಬ್ರಿಟನ್ ಸರ್ಕಾರ ವರ್ಷಕ್ಕೆ 2,500 ಲೀಟರ್‌ವರೆಗೆ ತೆರಿಗೆ ಬಿಟ್ಟುಕೊಟ್ಟಿತು.

ಎರಡನೇ ದಾರಿ ಎಣ್ಣೆಯ ಕಟ್ಟನ್ನೇ ಬಿಚ್ಚುವುದು. ನನ್ನ ಮನಸ್ಸು ಇರುವುದು ಈ ದಾರಿಯ ಕಡೆ. ಎಣ್ಣೆಯ ಒಂದೊಂದು ಕಣವೂ ಒಂದು ಹಿಡಿಗೆ ಮೂರು ಉದ್ದ ದಾರ ಕಟ್ಟಿದ ಹಾಗಿರುತ್ತದೆ. ಆ ಹಿಡಿಯೇ ಗ್ಲಿಸರಿನ್. ಮೆಥನಾಲ್ ಮತ್ತು ಸ್ವಲ್ಪ ಕಾಸ್ಟಿಕ್ ಸೋಡಾ ಸೇರಿಸಿ 60 ಡಿಗ್ರಿ ಆಸುಪಾಸಿನಲ್ಲಿ ಕಲಕಿದರೆ ಹಿಡಿ ಕಳಚಿಕೊಂಡು ದಾರಗಳು ಬಿಡಿಬಿಡಿಯಾಗುತ್ತವೆ. ಮೆಥನಾಲ್ ಅಂಟಿಕೊಂಡ ಆ ಬಿಡಿ ದಾರಗಳೇ ಬಯೋಡೀಸೆಲ್. ಪಂಪ್‌ಸೆಟ್ ಕೆಟ್ಟ ಮೇಲೆ ಒಂದು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಇದನ್ನು ಕಣ್ಣಾರೆ ನೋಡಿದೆ. ಒಂದು ಲೀಟರ್ ಎಣ್ಣೆಗೆ ಸುಮಾರು 200 ಮಿಲಿಲೀಟರ್ ಮೆಥನಾಲ್. ಒಂದು ಗಂಟೆ ಕಲಕಿ ಗಾಜಿನ ಜಾಡಿಯಲ್ಲಿ ಬಿಟ್ಟರು. ನೋಡನೋಡುತ್ತಲೇ ಕೆಳಗೆ ಕಾಫಿ ಡಿಕಾಕ್ಷನ್ ಬಣ್ಣದ ಗ್ಲಿಸರಿನ್ ಇಳಿಯತೊಡಗಿತು. ಮೇಲೆ ಜೇನಿನ ಬಣ್ಣದ ತಿಳಿ ನಿಂತಿತು. ಆ ತಿಳಿಯನ್ನು ಬಿಸಿನೀರಲ್ಲಿ ತೊಳೆದು, ನೀರಿನ ಪಸೆ ಹೋಗುವಂತೆ ಕಾಯಿಸಿ ಬೆರಳಿಗೆ ಹಚ್ಚಿದರು. ನೀರಿನಷ್ಟೇ ಸಲೀಸಾಗಿ ಜಾರಿತು. ಬೆಳಗ್ಗೆ ಅದು ಬೋಂಡಾ ಎಣ್ಣೆ ಆಗಿತ್ತು ಅಂದರೆ ನಂಬೋಕೆ ಆಗಲಿಲ್ಲ.

ಕೇಳಲು ಸುಲಭ ಅನ್ನಿಸುತ್ತದೆ, ಅಲ್ವಾ? ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಮೆಥನಾಲ್ ವಿಷ. ಹೊಟ್ಟೆಗೆ ಹೋದರೆ ಕಣ್ಣೂ ಹೋಗಬಹುದು, ಪ್ರಾಣವೂ ಹೋಗಬಹುದು. ಅದಕ್ಕೆ ಬೆಂಕಿ ಹತ್ತಿದರೆ ಹಗಲು ಬೆಳಕಿನಲ್ಲಿ ಜ್ವಾಲೆ ಕಾಣುವುದೂ ಕಷ್ಟ. ಮತ್ತೆ ಕರಿದ ಎಣ್ಣೆ ಒಂದೇ ಥರ ಇರುವುದಿಲ್ಲ. ಜಾಸ್ತಿ ಸಲ ಕಾದಷ್ಟೂ ಅದರಲ್ಲಿ ಹುಳಿ ಹೆಚ್ಚುತ್ತದೆ. ಹುಳಿ ಹೆಚ್ಚಾದ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿದರೆ ಬಯೋಡೀಸೆಲ್ ಬದಲು ಸೋಪು ಕಟ್ಟಿಕೊಳ್ಳುತ್ತದೆ. ತಂದ ಎಣ್ಣೆಯನ್ನು ಪ್ರತಿ ಸಲ ಪರೀಕ್ಷೆ ಮಾಡಿಯೇ ಮುಂದುವರಿಯಬೇಕು. ಇದು ಕಾರ್ಖಾನೆಯ ಕೆಲಸ.

ಬಯೋಡೀಸೆಲ್‌ಗೂ ಅದರದೇ ಗುಣಗಳಿವೆ. ಹೊಗೆ ಕಡಿಮೆ. ಲೀಟರಿಗೆ ಸಿಗುವ ಶಕ್ತಿಯೂ ಸ್ವಲ್ಪ ಕಡಿಮೆ. ಹಳೆಯ ಟ್ಯಾಂಕಿನ ತಳದ ಜಿಡ್ಡನ್ನೆಲ್ಲ ಎಬ್ಬಿಸಿಕೊಂಡು ಬರುವುದರಿಂದ ಶುರುವಿನಲ್ಲಿ ಫಿಲ್ಟರ್ ಕಟ್ಟಿಕೊಳ್ಳಬಹುದು. ನಮ್ಮ ಕಡೆ ಕರಿಯಲು ಜಾಸ್ತಿ ಬಳಸುವುದು ಪಾಮ್ ಎಣ್ಣೆ. ಮಾಗಿಯ ಚಳಿಗೆ ಅದು ಡಬ್ಬದಲ್ಲಿ ತುಪ್ಪದ ಹಾಗೆ ಹೆಪ್ಪುಗಟ್ಟುವುದನ್ನು ನೀವೂ ನೋಡಿರುತ್ತೀರಿ. ಅದರಿಂದ ಮಾಡಿದ ಬಯೋಡೀಸೆಲ್‌ಗೂ ಆ ಸ್ವಭಾವ ಪೂರ್ತಿ ಬಿಡುವುದಿಲ್ಲ. ಅದಕ್ಕೇ ಡೀಸೆಲ್ ಜೊತೆ ಸ್ವಲ್ಪ ಸ್ವಲ್ಪ ಬೆರೆಸುವುದು ಒಳ್ಳೆಯದು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಹಾಕಿಕೊಂಡ ಗುರಿಯೂ ಅದೇ: 2030ರ ಹೊತ್ತಿಗೆ ಡೀಸೆಲ್‌ನಲ್ಲಿ ನೂರಕ್ಕೆ 5 ಪಾಲು ಬಯೋಡೀಸೆಲ್. ಕರಿದ ಎಣ್ಣೆಯನ್ನೂ ಅದು ಕಚ್ಚಾವಸ್ತು ಎಂದು ಒಪ್ಪಿಕೊಂಡಿದೆ. ನಮ್ಮ ಕರ್ನಾಟಕದಲ್ಲಿ ಹೊಂಗೆ ಎಣ್ಣೆಯಿಂದ ಬಯೋಡೀಸೆಲ್ ಮಾಡುವ ಕೆಲಸ ಬಹಳ ವರ್ಷದಿಂದ ನಡೆದಿದೆ. ಹೊಂಗೆಯಾದರೂ ಗಿಡ ಬೆಳೆಯಬೇಕು, ಬೀಜ ಆಯಬೇಕು, ಗಾಣಕ್ಕೆ ಹಾಕಬೇಕು. ಕರಿದ ಎಣ್ಣೆ ದಿನಾ ಸಂಜೆ ಬಾಣಲೆಯಲ್ಲೇ ಸಿದ್ಧವಾಗಿರುತ್ತದೆ.

ನನ್ನನ್ನು ಕಾಡುವ ವಿಷಯ ಎಂಜಿನ್‌ಗಿಂತ ಹೆಚ್ಚಾಗಿ ಈ ಬಾಣಲೆಯೇ. ಎಣ್ಣೆ ಪದೇ ಪದೇ ಕಾದಾಗ ಅದರಲ್ಲಿ ಕೆಟ್ಟ ಅಂಶಗಳು ಸೇರಿಕೊಳ್ಳುತ್ತವೆ. ಅವನ್ನು ಒಟ್ಟಾಗಿ ಪೋಲಾರ್ ಅಂಶ ಎಂದು ಅಳೆಯುತ್ತಾರೆ. ಅದು ನೂರಕ್ಕೆ 25 ದಾಟಿದರೆ ಆ ಎಣ್ಣೆಯಲ್ಲಿ ಮತ್ತೆ ಕರಿಯುವಂತಿಲ್ಲ. 2018ರ ಜುಲೈ 1ರಿಂದ ನಮ್ಮ ದೇಶದಲ್ಲಿ ಇದು ನಿಯಮ. ಅದೇ ವರ್ಷ ಆಗಸ್ಟ್ 10ರಂದು ಆಹಾರ ಸುರಕ್ಷತಾ ಪ್ರಾಧಿಕಾರ, ಕರಿದ ಎಣ್ಣೆಯನ್ನು ಸಂಗ್ರಹಿಸಿ ಬಯೋಡೀಸೆಲ್ ಮಾಡಿಸುವ ‘ರೂಕೋ’ ಯೋಜನೆ ಶುರು ಮಾಡಿತು. ಹೆಸರಿನಲ್ಲೇ ‘ನಿಲ್ಲಿ’ ಅನ್ನುವ ಹಿಂದಿ ಮಾತಿದೆ. ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವ ಹೋಟೆಲ್‌ಗಳು ಲೆಕ್ಕ ಬರೆದಿಟ್ಟು, ಹಳೆಯ ಎಣ್ಣೆಯನ್ನು ಅನುಮತಿ ಪಡೆದ ಸಂಗ್ರಹಕಾರರಿಗೇ ಕೊಡಬೇಕು.

ಆದರೆ ದಿನಕ್ಕೆ ಐದು, ಹತ್ತು ಲೀಟರ್ ಬಳಸುವ ತಳ್ಳುಗಾಡಿಯವರು? ಅವರು ಅದನ್ನು ಚರಂಡಿಗೆ ಸುರಿಯುತ್ತಾರೆ, ಇಲ್ಲ ನಾಳೆಯ ಎಣ್ಣೆಗೆ ಬೆರೆಸುತ್ತಾರೆ. ದೊಡ್ಡ ಹೋಟೆಲಿನ ಹಳೆಯ ಎಣ್ಣೆ ಕಡಿಮೆ ರೇಟಿಗೆ ಸಣ್ಣ ಅಂಗಡಿಗೆ ಬಂದು ಮತ್ತೆ ಬಾಣಲೆ ಸೇರುವುದೂ ಇದೆ. ಅವರನ್ನು ಬೈದು ಏನು ಪ್ರಯೋಜನ? ಒಂದು ಡಬ್ಬ ಹೊಸ ಎಣ್ಣೆಯ ರೇಟು ಎಷ್ಟಾಗಿದೆ ಅಂತ ನಮಗೆಲ್ಲ ಗೊತ್ತು. ಹಳೆಯ ಎಣ್ಣೆಗೆ ಅವರ ಕೈಗೆ ನಾಲ್ಕು ಕಾಸು ಬಂದರೆ ಅದು ತಾನಾಗಿ ಬಾಣಲೆ ಬಿಟ್ಟು ಹೊರಡುತ್ತದೆ. ಹತ್ತು ಲೀಟರ್‌ಗೋಸ್ಕರ ಸಂಗ್ರಹದ ಗಾಡಿ ಯಾರ ಮನೆ ಬಾಗಿಲಿಗೂ ಬರುವುದಿಲ್ಲ. 200 ಲೀಟರ್ ಇದೆ ಅಂದರೆ ಬರುತ್ತದೆ.

ನಮ್ಮ ಬಸ್ ಸ್ಟ್ಯಾಂಡಿನ ಆರು ಅಂಗಡಿಯವರ ಹತ್ತಿರ ಕೂತು ನಾನು ಮಾತಾಡಿದ್ದು ಇಷ್ಟೇ. ಈಗ ಮೂಲೆ ಅಂಗಡಿಯ ಹಿಂದೆ, ನೆರಳಲ್ಲಿ, ಮುಚ್ಚಳ ಇರುವ ಒಂದು ನೀಲಿ ಡ್ರಮ್ ಇದೆ. ಬಾಯಿಗೆ ಜಾಲರಿ ಕಟ್ಟಿದ್ದೇವೆ, ಈರುಳ್ಳಿ ಚೂರು, ಕಡಲೆಹಿಟ್ಟಿನ ಕರಿಕು ಒಳಗೆ ಹೋಗದ ಹಾಗೆ. ಯಾರು ಎಷ್ಟು ಹಾಕಿದರು ಅನ್ನುವುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾರೆ. ಮೊದಲ ತಿಂಗಳು ಇಬ್ಬರೇ ಹಾಕುತ್ತಿದ್ದರು. ಮೊನ್ನೆ ಶನಿವಾರ ನೋಡಿದಾಗ ಪುಟದಲ್ಲಿ ಐದು ಹೆಸರಿದ್ದವು, ಡ್ರಮ್ ಮುಕ್ಕಾಲು ತುಂಬಿತ್ತು. ಆರನೆಯವರು ಹಬ್ಬ ಕಳೆದ ಮೇಲೆ ಹಾಕುತ್ತೇನೆ ಅಂದಿದ್ದಾರೆ.

ನಮಸ್ಕಾರ.