ಲೈನಿನಲ್ಲೇ ಇರಿ ಅಮ್ಮ

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕಾಸರಗೋಡಿನ ಬದಿಯಡ್ಕದ ಹತ್ತಿರದ ಒಂದು ಹಳ್ಳಿಯವಳು. ಬಿ.ಕಾಂ. ಮುಗಿಸಿ 2015ರಲ್ಲಿ ಬೆಂಗಳೂರಿಗೆ ಹೋದೆ. ಅಲ್ಲಿ ಆರೋಗ್ಯ ವಿಮೆಯ ಕಾಲ್ ಸೆಂಟರಿನಲ್ಲಿ ಐದು ವರ್ಷ ಕೆಲಸ ಮಾಡಿದೆ. ಈಗ ಮಂಗಳೂರಿನ ಒಂದು ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿನಲ್ಲಿದ್ದೇನೆ. ಬೆಳಿಗ್ಗೆ ಕುಂಬಳೆಯಲ್ಲಿ ರೈಲು ಹತ್ತುತ್ತೇನೆ, ಸಂಜೆ ಮನೆಗೆ ಬರುತ್ತೇನೆ.

ನಮ್ಮ ಕಡೆಯ ಹುಡುಗಿಗೋ ಹುಡುಗನಿಗೋ ಕಾಲ್ ಸೆಂಟರಿನಲ್ಲಿ ಕೆಲಸ ಸಿಕ್ಕಿತು ಅಂದರೆ ಮನೆಯವರ ಮುಖ ಸಣ್ಣದಾಗುತ್ತದೆ. "ಫೋನ್ ಎತ್ತುವ ಕೆಲಸವಾ?" ಅಂತ ಕೇಳುತ್ತಾರೆ. ನಮ್ಮ ಮನೆಯಲ್ಲೂ ಕೇಳಿದ್ದರು. ಆ ಕೆಲಸದ ಒಳಗೆ ಏನಿದೆ, ಅಲ್ಲಿಂದ ಮುಂದೆ ಎಲ್ಲಿಗೆಲ್ಲ ದಾರಿ ಇದೆ ಅಂತ ಇವತ್ತು ಹೇಳಬೇಕು ಅಂತ ಬಂದಿದ್ದೇನೆ.

ಸೇರಿದ ಮೊದಲ ಒಂದು ತಿಂಗಳು ತರಬೇತಿ. ಕ್ಯಾಶ್‌ಲೆಸ್ ಅಂದರೆ ಬಿಲ್ಲನ್ನು ವಿಮಾ ಕಂಪನಿಯೇ ನೇರ ಆಸ್ಪತ್ರೆಗೆ ಕಟ್ಟುವುದು, ಪ್ರೀ-ಆಥ್ ಅಂದರೆ ಅದಕ್ಕೆ ಕಂಪನಿ ಮೊದಲೇ ಕೊಡುವ ಒಪ್ಪಿಗೆ, ವೇಟಿಂಗ್ ಪೀರಿಯಡ್ ಅಂದರೆ ಪಾಲಿಸಿ ತೆಗೆದ ಮೇಲೆ ಕೆಲವು ಕಾಯಿಲೆಗೆ ಕಾಯಬೇಕಾದ ಅವಧಿ, ಆಮೇಲೆ ಕ್ವೆರಿ, ಡಿಸ್ಚಾರ್ಜ್ ಸಮ್ಮರಿ. ಇವನ್ನೆಲ್ಲ ಬಾಯಿಪಾಠ ಮಾಡಿ ಪರೀಕ್ಷೆ ಬರೆದೆ, ಪಾಸೂ ಆದೆ. ಆದರೆ ಫೋನಿನ ಆ ಕಡೆ ಇರುವವರು ಆ ಪರೀಕ್ಷೆ ಬರೆದವರಲ್ಲ, ಅಲ್ವಾ?

ಒಂದು ರಾತ್ರಿ ಮುಳ್ಳೇರಿಯ ಕಡೆಯ ಒಬ್ಬರು ಅಮ್ಮ ಫೋನ್ ಮಾಡಿದರು. ಗಂಡ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು. ಮಂಗಳೂರಿನಲ್ಲಿ ಅಡ್ಮಿಟ್ ಮಾಡಿದ್ದರು. ಬೆಳಿಗ್ಗೆ ಆಪರೇಷನ್. ಆ ಅಮ್ಮ ಕನ್ನಡದಲ್ಲಿ ತಡವರಿಸುತ್ತಾ ಕೇಳಿದರು, "ಅಪ್ರೂವಲ್ ಬರಲಿಲ್ಲ, ಕ್ವೆರಿ ಉಂಟು ಅಂತ ಹೇಳ್ತಾರೆ. ಕ್ವೆರಿ ಅಂದ್ರೆ ಎಂಥದು ಮಗಾ?"

ನಾನು ತುಳುವಿಗೆ ಹೊರಳಿದೆ. "ಬೇಜಾರ್ ಮಲ್ಪೊಡ್ಚಿ ಅಮ್ಮ" ಅಂದೆ. ಆ ಕಡೆ ಒಂದು ಉಸಿರು ಸಡಿಲಾದದ್ದು ಹೆಡ್‌ಫೋನಿನಲ್ಲಿ ಕೇಳಿಸಿತು. ಕಂಪ್ಯೂಟರಿನಲ್ಲಿ ನೋಡಿದರೆ ವಿಷಯ ಇಷ್ಟೇ. ಹೇಗೆ ಬಿದ್ದರು, ಯಾವಾಗ ಬಿದ್ದರು ಅಂತ ಆಸ್ಪತ್ರೆಯ ಕಾಗದದಲ್ಲಿ ಬರೆದಿರಲಿಲ್ಲ. ಎಕ್ಸ್‌ರೇ ವರದಿಯನ್ನೂ ಸೇರಿಸಿರಲಿಲ್ಲ. ಕ್ವೆರಿ ಅಂದರೆ "ಇಲ್ಲ" ಅಂತ ಅಲ್ಲ, "ಇನ್ನೊಂದು ಕಾಗದ ಬೇಕು" ಅಂತ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ. "ಲೈನಿನಲ್ಲೇ ಇರಿ ಅಮ್ಮ" ಅಂತ ಹೇಳಿ, ಅವರ ಕೈಯಿಂದ ಫೋನನ್ನು ಡ್ಯೂಟಿ ನರ್ಸಿಗೆ ಕೊಡಿಸಿದೆ. ಏನು ಬರೆಯಬೇಕು, ಯಾವ ಮೇಲ್‌ಗೆ ಕಳಿಸಬೇಕು ಅಂತ ನರ್ಸಿಗೆ ಮಲಯಾಳದಲ್ಲಿ ಹೇಳಿದೆ. ಅವರು ಕಣ್ಣೂರಿನವರು.

ಒಂದು ಕಾಲ್‌ಗೆ ನಮಗೆ ಕೊಟ್ಟ ಲೆಕ್ಕ ಆರು ನಿಮಿಷ. ಆ ಕಾಲ್ 22 ನಿಮಿಷ ಹಿಡಿಯಿತು. ಟೀಮ್ ಲೀಡರ್ ಬಂದು ಹಿಂದೆ ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ. ರೆಕಾರ್ಡಿಂಗ್ ಕೇಳಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ: "ನಿಮಗೆ ಒಟ್ಟು ಎಷ್ಟು ಭಾಷೆ ಬರುತ್ತೆ?"

ಕಾಸರಗೋಡನ್ನು ಸಪ್ತಭಾಷಾ ಸಂಗಮಭೂಮಿ ಅಂತ ಭಾಷಣದಲ್ಲಿ ಹೇಳುತ್ತೇವೆ. ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ, ಬ್ಯಾರಿ, ಉರ್ದು. ನಮಗೆ ಅದು ಸುಮ್ನೆ ಮನೆ, ಶಾಲೆ, ಅಂಗಡಿಯಲ್ಲಿ ಬಂದದ್ದು. ಅದಕ್ಕೆ ಬೆಲೆ ಇದೆ ಅಂತ ನನಗೆ ಗೊತ್ತಾದದ್ದು ಆ ರಾತ್ರಿ. ಆದರೆ ಭಾಷೆ ಬಂದರೆ ಮಾತ್ರ ಸಾಲದು. ಪಾಲಿಸಿಯ ಮಾತನ್ನು ಮನೆಯ ಮಾತಾಗಿ ಮಾಡಬೇಕು. ಅದೇ ಈ ಕೆಲಸ.

ಒಂದು ಉದಾಹರಣೆ ಹೇಳುತ್ತೇನೆ, ಇದು ನಿಮಗೂ ಉಪಯೋಗಕ್ಕೆ ಬರುತ್ತದೆ. ನಿಮ್ಮ ಪಾಲಿಸಿ 3 ಲಕ್ಷ ರೂಪಾಯಿಯದು. ದಿನದ ರೂಮಿನ ಬಾಡಿಗೆ ಶೇಕಡಾ 1 ಅಂತ ಅದರಲ್ಲಿ ಬರೆದಿದೆ. ಅಂದರೆ 3,000 ರೂಪಾಯಿ. ನೀವು 6,000 ರೂಪಾಯಿಯ ರೂಮಿಗೆ ಹೋದಿರಿ. ದಿನಕ್ಕೆ 3,000 ಕೈಯಿಂದ ಹಾಕಿದರೆ ಆಯಿತು ಅಂತ ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ರೂಮು ಎರಡು ಪಟ್ಟಾದ್ದರಿಂದ ಡಾಕ್ಟರ ಫೀಸು, ಆಪರೇಷನ್ ಥಿಯೇಟರಿನ ಖರ್ಚು, ನರ್ಸಿಂಗ್, ಎಲ್ಲದರಲ್ಲೂ ಅರ್ಧ ಕಡಿತವಾಗಬಹುದು. ಅಂಥ ಖರ್ಚು 80,000 ಇದ್ದರೆ 40,000 ನಿಮ್ಮ ತಲೆ ಮೇಲೆ. ಔಷಧಿಗೆ, ಒಳಗೆ ಕೂರಿಸುವ ರಾಡು, ಸ್ಟೆಂಟಿಗೆ ಈ ಕಡಿತ ಹಾಕುವಂತಿಲ್ಲ. ಡಿಸ್ಚಾರ್ಜಿನ ದಿನ ಬಿಲ್ಲು ಹಿಡಿದುಕೊಂಡು ಇದನ್ನು ಕೇಳುವವರ ದನಿ ನಡುಗುತ್ತದೆ. ಅಡ್ಮಿಟ್ ಆಗುವ ದಿನವೇ ಯಾರಾದರೂ ಹೇಳಿದ್ದರೆ ಅವರು ಬೇರೆ ರೂಮು ತೆಗೆದುಕೊಳ್ಳುತ್ತಿದ್ದರು. ನಾನು ಆಸ್ಪತ್ರೆಯ ಡೆಸ್ಕಿಗೆ ಹೋಗಬೇಕು ಅಂತ ಆಸೆಪಟ್ಟದ್ದು ಇದೇ ಕಾರಣಕ್ಕೆ. ಫೋನಿನಲ್ಲಿ ನಾವು ಸಿಗುವುದು ಕೊನೆಯ ದಿನ. ಡೆಸ್ಕಿನಲ್ಲಿ ಮೊದಲ ದಿನವೇ ರೋಗಿಯ ಮನೆಯವರು ಎದುರು ಕೂತಿರುತ್ತಾರೆ.

ಕಷ್ಟವೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ರಾತ್ರಿ ಪಾಳಿ, ಕಿವಿನೋವು, ಬೆನ್ನುನೋವು. ತೀರಿಹೋದವರ ಬಿಲ್ಲಿನ ಬಗ್ಗೆ ಮಗ ಫೋನ್ ಮಾಡಿದಾಗ ಮ್ಯೂಟ್ ಒತ್ತಿ ಕಣ್ಣು ಒರೆಸಿಕೊಂಡಿದ್ದೇನೆ. 2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆ ಮುಚ್ಚಿತಲ್ಲ, ಆಗ ಮಂಜೇಶ್ವರದಿಂದ ಬಂದ ಫೋನುಗಳು ಈಗಲೂ ಕಿವಿಯಲ್ಲಿವೆ. ಮಂಗಳೂರಿಗೆ ಡಯಾಲಿಸಿಸ್‌ಗೆ ಹೋಗುತ್ತಿದ್ದವರು. "ಕಾರ್ಡ್ ಉಂಟು, ದಾರಿ ಇಲ್ಲ" ಅಂದರು ಒಬ್ಬರು. ಕಾಞಂಗಾಡು, ಕಣ್ಣೂರಿನ ಕಡೆ ಯಾವ ಆಸ್ಪತ್ರೆ ನಮ್ಮ ಪಟ್ಟಿಯಲ್ಲಿದೆ ಅಂತ ಹುಡುಕಿ ಒಂದೊಂದೇ ನಂಬರು ಬರೆಸಿದೆ. ನನ್ನ ಕೈಯಲ್ಲಿ ಆದದ್ದು ಅಷ್ಟೇ. ಆ ವರ್ಷದ ಕೊನೆಗೆ ಊರಿಗೆ ಬಂದುಬಿಟ್ಟೆ.

ಇನ್ನು ಮುಂದಿನ ದಾರಿ. ಅಲ್ಲೇ ಉಳಿದರೆ ಟೀಮ್ ಲೀಡರ್, ಟ್ರೈನರ್, ಕ್ವಾಲಿಟಿ ಅಂತ ಮೇಲೇರಬಹುದು. ದೂರುಗಳನ್ನು ನೋಡುವ ವಿಭಾಗಕ್ಕೂ ಹೋಗಬಹುದು. ಕಾಗದ ಓದುವುದರಲ್ಲಿ ಆಸಕ್ತಿ ಇದ್ದವರು ಕ್ಲೇಮ್ಸ್ ವಿಭಾಗಕ್ಕೆ ಹೊರಳುತ್ತಾರೆ. ನನ್ನ ಜೊತೆ ಕೂತಿದ್ದ ಉಪ್ಪಳದ ಒಬ್ಬಳು ಮೆಡಿಕಲ್ ಕೋಡಿಂಗ್ ಕಲಿತಳು. ಕಾಯಿಲೆಗೊಂದು ನಂಬರು ಕೊಡುವ ಕೆಲಸ ಅದು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಪಟ್ಟಿಯಲ್ಲಿ ಕೆ35 ಅಂದರೆ ಅಪೆಂಡಿಕ್ಸ್ ದಿಢೀರ್ ಊದಿಕೊಂಡದ್ದು, ಇ11 ಅಂದರೆ ಟೈಪ್ 2 ಸಕ್ಕರೆ ಕಾಯಿಲೆ. ದೇಹದ ಭಾಗ, ರೋಗದ ಹೆಸರು ಚೆನ್ನಾಗಿ ಗೊತ್ತಿರಬೇಕು. ನಾಲ್ಕು ವರ್ಷ ಫೋನಿನಲ್ಲಿ ಅದನ್ನೇ ಕೇಳಿದ್ದಕ್ಕೆ ಅವಳಿಗೆ ಸುಲಭವಾಯಿತು.

ನಾನು ಹಿಡಿದದ್ದು ಪರೀಕ್ಷೆಯ ದಾರಿ. ಮುಂಬೈಯಲ್ಲಿ 1955ರಿಂದ ಇರುವ ಇನ್ಶೂರೆನ್ಸ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯಾ ಪರೀಕ್ಷೆಗಳನ್ನು ನಡೆಸುತ್ತದೆ. ಮೊದಲು ಲೈಸೆನ್ಷಿಯೇಟ್, ಆಮೇಲೆ ಅಸೋಸಿಯೇಟ್, ಕೊನೆಗೆ ಫೆಲೋ. ಕೆಲಸ ಮಾಡುತ್ತಲೇ ಬರೆಯಬಹುದು. ನಾನು ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಪಿ.ಜಿ.ಯ ಟೆರೇಸಿನಲ್ಲಿ ಕೂತು ಓದಿದೆ. ಆಸ್ಪತ್ರೆಯ ಸಂದರ್ಶನದಲ್ಲಿ ಆ ಸರ್ಟಿಫಿಕೇಟಿಗಿಂತ ಜಾಸ್ತಿ ಕೆಲಸಕ್ಕೆ ಬಂದದ್ದು ಇನ್ನೊಂದು. ಎದುರಿದ್ದವರು ಒಂದು ರಿಜೆಕ್ಷನ್ ಪತ್ರ ಕೊಟ್ಟು, "ಇದನ್ನು ರೋಗಿಯ ಹೆಂಡತಿಗೆ ಹೇಗೆ ಹೇಳ್ತೀರಿ?" ಅಂತ ಕೇಳಿದರು. ಅದನ್ನು ಐದು ವರ್ಷ ದಿನಾ ಮಾಡಿದ್ದೆ.

ಡೆಸ್ಕಿನಲ್ಲಿ ನಿಯಮ ಗೊತ್ತಿದ್ದವರಿಗೆ ಗೌರವ ಇದೆ. ಹೈದರಾಬಾದಿನಲ್ಲಿರುವ ವಿಮಾ ನಿಯಂತ್ರಣ ಪ್ರಾಧಿಕಾರ, ಐಆರ್‌ಡಿಎಐ ಅನ್ನುತ್ತಾರಲ್ಲ, 2024ರಲ್ಲಿ ಹೊಸ ಸುತ್ತೋಲೆ ಹೊರಡಿಸಿತು. ಕ್ಯಾಶ್‌ಲೆಸ್ ಕೇಳಿದ ಒಂದು ಗಂಟೆಯೊಳಗೆ ಕಂಪನಿ ಉತ್ತರ ಕೊಡಬೇಕು. ಡಿಸ್ಚಾರ್ಜಿನ ಬಿಲ್ಲು ಹೋದ ಮೂರು ಗಂಟೆಯೊಳಗೆ ಕೊನೆಯ ಒಪ್ಪಿಗೆ ಬರಬೇಕು. ಅದಕ್ಕಿಂತ ತಡವಾಗಿ, ಆ ಕಾರಣಕ್ಕೆ ಆಸ್ಪತ್ರೆ ಜಾಸ್ತಿ ಬಿಲ್ಲು ಹಾಕಿದರೆ ಅದನ್ನು ವಿಮಾ ಕಂಪನಿಯೇ ಕೊಡಬೇಕು. ಇದನ್ನು ನೆನಪಿಟ್ಟುಕೊಂಡು ಗಡಿಯಾರ ನೋಡಿ ಮೇಲ್ ಹಾಕುವುದೂ ನನ್ನ ಕೆಲಸ.

ಗಡಿಯವರಾದ ನಮಗೆ ಇನ್ನೊಂದು ತೊಡಕಿದೆ. ಚಿಕಿತ್ಸೆ ಕರ್ನಾಟಕದಲ್ಲಿ, ಮನೆ ಕೇರಳದಲ್ಲಿ. ಕ್ಲೇಮಿನ ಜಗಳ ಬಂದರೆ ಯಾರಲ್ಲಿಗೆ ಹೋಗುವುದು? ಮೊದಲು ಕಂಪನಿಗೇ ಬರೆಯಿರಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಸರಿ ಕಾಣದಿದ್ದರೆ, ವಿಮೆಯ ದೂರು ತೀರ್ಮಾನಿಸುವ ಅಧಿಕಾರಿ, ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕಾಸರಗೋಡಿನಲ್ಲಿ ಮನೆ ಇದ್ದವರಿಗೆ ಕೊಚ್ಚಿಯ ಕಚೇರಿ. ಫೀಸು ಇಲ್ಲ, ವಕೀಲರು ಬೇಡ. 50 ಲಕ್ಷದವರೆಗಿನ ವಿಷಯವನ್ನು ಅಲ್ಲಿ ನೋಡುತ್ತಾರೆ.

ಕಳೆದ ತಿಂಗಳು ಪೆರ್ಲದ ಒಬ್ಬಳು ಹುಡುಗಿ ಮನೆಗೆ ಬಂದಿದ್ದಳು. ಡಿಗ್ರಿ ಮುಗಿದಿದೆ, ಕಾಲ್ ಸೆಂಟರಿನ ಸಂದರ್ಶನಕ್ಕೆ ಹೋಗಬೇಕು, ಏನು ಓದಲಿ ಅಕ್ಕಾ ಅಂತ ಕೇಳಿದಳು. "ಪುಸ್ತಕ ಆಮೇಲೆ, ಮೊದಲು ನಿಮ್ಮ ಮನೆಯ ಪಾಲಿಸಿ ಓದು" ಅಂದೆ. ಎರಡು ದಿನ ಬಿಟ್ಟು ಮತ್ತೆ ಬಂದಳು. ಕೈಯಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಚಿಟ್ಟ ಕಾಗದ. "ಅಕ್ಕಾ, ಅಪ್ಪನಿಗೆ ಶುಗರ್ ಇರುವುದನ್ನು ಇದರಲ್ಲಿ ಬರೆಸಿಯೇ ಇಲ್ಲ" ಅಂದಳು. ಪಾಲಿಸಿ ತೆಗೆದು ಎರಡು ವರ್ಷ ಆಗಿತ್ತು. ಬಿಡದೆ 60 ತಿಂಗಳು ಕಟ್ಟಿದ ಮೇಲೆ, ಮೋಸ ಅಂತ ಸಾಬೀತು ಮಾಡದೆ, ಹೇಳಲಿಲ್ಲ ಅನ್ನುವ ಕಾರಣಕ್ಕೆ ಕ್ಲೇಮು ತಳ್ಳುವಂತಿಲ್ಲ. ಅದಕ್ಕೆ ಇನ್ನೂ ಮೂರು ವರ್ಷ ಬಾಕಿ. ಅಲ್ಲಿಯವರೆಗೆ ಅಪ್ಪ ಆಸ್ಪತ್ರೆ ಸೇರಿದರೆ? ಅವಳ ಮುಖ ಬಾಡಿತು.

ಕಂಪನಿಗೆ ನಾವೇ ಮುಂಚೆ ತಿಳಿಸೋಣ ಅಂದೆ. ಪ್ರೀಮಿಯಂ ಸ್ವಲ್ಪ ಏರಬಹುದು, ಅದಕ್ಕಿಂತ ಬೇರೆ ತೀರ್ಮಾನವೂ ಬರಬಹುದು ಅಂತಲೂ ಹೇಳಿದೆ. ಅವಳು ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿ ಒಪ್ಪಿಸಿದಳು. ಅಷ್ಟು ಚಂದಕ್ಕೆ ಹೇಳಿದಳು. ಆಮೇಲೆ ಇಬ್ಬರೂ ಜಗಲಿಯಲ್ಲಿ ಕೂತು ಪತ್ರ ಬರೆದೆವು. ಮೊದಲು ಕನ್ನಡದಲ್ಲಿ, ಅದಾದ ಮೇಲೆ ಇಂಗ್ಲಿಷಿನಲ್ಲಿ.

ನಮಸ್ಕಾರ.