ವ್ಯಾಯಾಮ ಹೆಚ್ಚಾದಾಗ ಊಟ ಎಷ್ಟು ಹೆಚ್ಚಬೇಕು?

[ಪರದೆಯ ಮೇಲೆ: ಕೈಗಡಿಯಾರ, ಅದರಲ್ಲಿ "210 ಕ್ಯಾಲೊರಿ" ಎಂಬ ಅಂಕಿ]

ನಮಸ್ಕಾರ. ತೂಕ ಇಳಿಸಲೆಂದು ಊಟ ಕಡಿಮೆ ಮಾಡಿಕೊಂಡವರು ನಡಿಗೆಯನ್ನೋ ಓಟವನ್ನೋ ಆರಂಭಿಸಿದ ಕೂಡಲೇ ಒಂದು ಗೊಂದಲಕ್ಕೆ ಬೀಳುತ್ತಾರೆ: ವ್ಯಾಯಾಮದಲ್ಲಿ ಖರ್ಚಾದ ಕ್ಯಾಲೊರಿಯನ್ನು ಮತ್ತೆ ತಿನ್ನಬೇಕೆ, ಬೇಡವೆ? ಕೆಲವರು ಗಡಿಯಾರ ತೋರಿಸಿದ್ದನ್ನೆಲ್ಲ ಅಂದೇ ತಿಂದು ತೀರಿಸುತ್ತಾರೆ. ಇನ್ನು ಕೆಲವರು ದಿನಕ್ಕೊಂದು ಗಂಟೆ ಓಡಿದರೂ ತಟ್ಟೆಗೆ ಒಂದು ಚಪಾತಿಯನ್ನೂ ಸೇರಿಸುವುದಿಲ್ಲ. ಒಂದು ಉದಾಹರಣೆಯ ಲೆಕ್ಕ ಹಾಕಿದರೆ ಇಬ್ಬರೂ ಎಲ್ಲಿ ಎಡವುತ್ತಾರೆಂಬುದು ತಿಳಿಯುತ್ತದೆ.

[ಪರದೆಯ ಮೇಲೆ: (10×70) + (6.25×160) − (5×35) − 161 = 1364]

35 ವರ್ಷ ವಯಸ್ಸಿನ, 70 ಕಿಲೋ ತೂಕದ, 160 ಸೆಂಟಿಮೀಟರ್ ಎತ್ತರದ, ಕಚೇರಿಯಲ್ಲಿ ಕುಳಿತು ಕೆಲಸ ಮಾಡುವ ಮಹಿಳೆಯೊಬ್ಬರನ್ನು ಊಹಿಸಿಕೊಳ್ಳಿ. 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರದ ಪ್ರಕಾರ, ಏನೂ ಮಾಡದೆ ಮಲಗಿದ್ದರೂ ಇವರ ದೇಹ ದಿನಕ್ಕೆ 1364 ಕ್ಯಾಲೊರಿ ಬಳಸುತ್ತದೆ. ದಿನನಿತ್ಯದ ಓಡಾಟಕ್ಕಾಗಿ ಇದನ್ನು 1.4ರಿಂದ ಗುಣಿಸಿದರೆ ಸುಮಾರು 1910 ಆಗುತ್ತದೆ. ಇವರು 1500 ತಿನ್ನುತ್ತಿದ್ದರೆ ದಿನದ ಕೊರತೆ 410. ವ್ಯಾಯಾಮವನ್ನೂ ಸೇರಿಸಿ 1.55ರಂತಹ ದೊಡ್ಡ ಗುಣಕವನ್ನು ಮೊದಲೇ ಬಳಸಿದವರು ಮುಂದಿನ ಲೆಕ್ಕ ಮಾಡಲೇಬಾರದು, ಏಕೆಂದರೆ ಒಂದೇ ಖರ್ಚನ್ನು ಎರಡು ಸಲ ಬರೆದಂತಾಗುತ್ತದೆ. ಆ್ಯಪ್‌ಗಳನ್ನು ನೆಚ್ಚಿಕೊಂಡವರಲ್ಲಿ ನಾವು ಹೆಚ್ಚಾಗಿ ಕಾಣುವುದು ಈ ತಪ್ಪನ್ನೇ.

ಈಗ ಅವರು ವಾರಕ್ಕೆ 5 ದಿನ, 45 ನಿಮಿಷ ಚುರುಕಾಗಿ ನಡೆಯಲು ಆರಂಭಿಸಿದರೆನ್ನೋಣ. ಸುಮ್ಮನೆ ಕುಳಿತಾಗ ದೇಹಕ್ಕೆ ಒಂದು ಕಿಲೋ ತೂಕಕ್ಕೆ ಗಂಟೆಗೆ ಸುಮಾರು 1 ಕ್ಯಾಲೊರಿ ಬೇಕಾಗುತ್ತದೆ. ಚುರುಕು ನಡಿಗೆಗೆ ಸುಮಾರು 4. ಹಾಗಾಗಿ 45 ನಿಮಿಷಕ್ಕೆ ಒಟ್ಟು 210 ಕ್ಯಾಲೊರಿ ಖರ್ಚಾಗುತ್ತದೆ. ಆದರೆ ನಡೆಯದೆ ಕುಳಿತಿದ್ದರೂ ಅದರಲ್ಲಿ ಕಾಲು ಭಾಗ ಖರ್ಚಾಗುತ್ತಿತ್ತು, ಆದ್ದರಿಂದ ನಿಜವಾಗಿ ಹೆಚ್ಚಾದದ್ದು 158 ಮಾತ್ರ. ಐದು ದಿನದ್ದನ್ನು ಏಳು ದಿನಕ್ಕೆ ಹಂಚಿದರೆ ದಿನಕ್ಕೆ 113 ಕ್ಯಾಲೊರಿ ಬರುತ್ತದೆ. ಒಂದು ದೊಡ್ಡ ಚಮಚ ಅಡುಗೆ ಎಣ್ಣೆಯಲ್ಲಿ ಸುಮಾರು 120 ಇರುತ್ತದೆ. ಒಗ್ಗರಣೆಗೆ ಎಣ್ಣೆ ಸುರಿಯುವಾಗ ಕೈ ಸ್ವಲ್ಪ ಧಾರಾಳವಾದರೆ ನಡಿಗೆಯ ಗಳಿಕೆ ಅಲ್ಲಿಗೇ ಮುಗಿಯಿತು. ಇಷ್ಟು ವ್ಯಾಯಾಮಕ್ಕೆ ಊಟ ಹೆಚ್ಚಿಸುವ ಅಗತ್ಯವಿಲ್ಲ.

ಗಡಿಯಾರದ ಅಂಕಿಯನ್ನು ನಂಬಬಹುದೆ? 2017ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಮಣಿಕಟ್ಟಿನ ಏಳು ಸಾಧನಗಳನ್ನು ಪರೀಕ್ಷಿಸಿದಾಗ, ಹೃದಯ ಬಡಿತವನ್ನು ಹೆಚ್ಚಿನವು ಚೆನ್ನಾಗಿಯೇ ಅಳೆದವು. ಕ್ಯಾಲೊರಿಯ ವಿಷಯದಲ್ಲಿ ಮಾತ್ರ ಎಲ್ಲಕ್ಕಿಂತ ನಿಖರವಾದದ್ದೂ 27% ತಪ್ಪಿತ್ತು, ಕೊನೆಯದು 93%.

[ಪರದೆಯ ಮೇಲೆ: ವಾರಕ್ಕೆ 6 ದಿನ, 1 ಗಂಟೆ ಓಟ]

ವ್ಯಾಯಾಮ ನಿಜಕ್ಕೂ ಹೆಚ್ಚಾದಾಗ ಚಿತ್ರ ಬದಲಾಗುತ್ತದೆ. ಅದೇ ಮಹಿಳೆ ಕೆಲವು ತಿಂಗಳ ನಂತರ ವಾರಕ್ಕೆ 6 ದಿನ, ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಒಂದು ಗಂಟೆ ಓಡುತ್ತಾರೆ, ತೂಕ ಹೆಚ್ಚೇನೂ ಬದಲಾಗಿಲ್ಲ ಎಂದುಕೊಳ್ಳಿ. ಓಟದ ಹೆಚ್ಚುವರಿ ಖರ್ಚು ಸುಮಾರು 490. ವಾರದ ಸರಾಸರಿಯಲ್ಲಿ ದಿನಕ್ಕೆ 420. ಊಟ 1500ರಲ್ಲೇ ನಿಂತರೆ ಕೊರತೆ 830ಕ್ಕೆ ಏರುತ್ತದೆ. ಬೇಗ ಇಳಿಯುತ್ತದಲ್ಲ, ಒಳ್ಳೆಯದೇ ಅಲ್ಲವೆ ಎನ್ನಬಹುದು. ಆದರೆ ಇಲ್ಲಿ ನೋಡಬೇಕಾದದ್ದು ಓಟದ ಖರ್ಚು ಕಳೆದ ಮೇಲೆ ಉಳಿದ ಅಂಗಾಂಗಗಳಿಗೆ ಸಿಗುವ ಶಕ್ತಿಯನ್ನು. 1500ರಲ್ಲಿ 490 ಕಳೆದರೆ 1010. ಕೊಬ್ಬನ್ನು ಬಿಟ್ಟು ಇವರ ದೇಹದ ತೂಕ 45 ಕಿಲೋ ಎಂದಿಟ್ಟುಕೊಂಡರೆ, ಪ್ರತಿ ಕಿಲೋಗೆ ಸಿಗುವುದು 22 ಕ್ಯಾಲೊರಿ. ಇದು 30ಕ್ಕಿಂತ ಕೆಳಗಿಳಿದು ಹಾಗೆಯೇ ಮುಂದುವರಿದರೆ ಮುಟ್ಟು ಏರುಪೇರಾಗುವ, ಮೂಳೆ ಸವೆಯುವ ಅಪಾಯ ಹೆಚ್ಚುತ್ತದೆ ಎಂದು ಕ್ರೀಡಾ ವೈದ್ಯರು ಎಚ್ಚರಿಸುತ್ತಾರೆ; ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯು 2014ರಲ್ಲಿ ಈ ಸ್ಥಿತಿಗೆ ಪ್ರತ್ಯೇಕ ಹೆಸರನ್ನೇ ಕೊಟ್ಟಿತು.

ಊಟವನ್ನು 1850ಕ್ಕೆ ಏರಿಸಿ ನೋಡಿ. ಉಳಿಯುವುದು 1360, ಅಂದರೆ ಕಿಲೋಗೆ 30. ಆಗಲೂ ವಾರದ ಸರಾಸರಿ ಕೊರತೆ 480 ಇದ್ದೇ ಇರುತ್ತದೆ. ದಿನಕ್ಕೆ 350 ಕ್ಯಾಲೊರಿ ಹೆಚ್ಚು ತಿಂದೂ ತೂಕ ಇಳಿಸುವ ಕೊರತೆ ಹಳೆಯ 410ಕ್ಕಿಂತ ಹೆಚ್ಚೇ. ಆ 350 ಬೇಕರಿಯಿಂದ ಬರದೆ ಮೊಳಕೆಕಾಳು, ಮೊಸರು, ಮೊಟ್ಟೆ, ಮೀನು, ಓಟದ ನಂತರದ ಮುದ್ದೆ ಇಂಥವುಗಳಿಂದ ಬಂದರೆ ಸ್ನಾಯುವೂ ಉಳಿಯುತ್ತದೆ.

ಬದಲಾವಣೆ ಮಾಡಿದ ವಾರವೇ ತಕ್ಕಡಿಯನ್ನು ನಂಬಬೇಡಿ. ಹೊಸ ವ್ಯಾಯಾಮಕ್ಕೆ ಸ್ನಾಯುಗಳು ನೀರು ಹಿಡಿದಿಡುತ್ತವೆ, ಮುಟ್ಟಿನ ದಿನಗಳಲ್ಲೂ ತೂಕ ಏರುತ್ತದೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ತೂಗಿ, ವಾರದ ಸರಾಸರಿ ಬರೆದಿಟ್ಟು, ಮೂರು ವಾರದ ನಂತರವೂ ಅದು ಅಲುಗದಿದ್ದರೆ ಮಾತ್ರ 100ರಿಂದ 150 ಕ್ಯಾಲೊರಿ ಕಡಿಮೆ ಮಾಡಿ. ಸರಾಸರಿ ತುಂಬ ವೇಗವಾಗಿ ಇಳಿಯುತ್ತಿದ್ದರೆ, ನಿದ್ದೆ ಕೆಟ್ಟರೆ, ಓಟದ ವೇಗ ಕುಸಿದರೆ ಅಷ್ಟನ್ನೇ ಸೇರಿಸಿ. ತೂಕ 62 ಕಿಲೋಗೆ ಬಂದಾಗ ಎಲ್ಲವನ್ನೂ ಹೊಸದಾಗಿ ಲೆಕ್ಕ ಹಾಕಬೇಕು, ಏಕೆಂದರೆ ಆಗ 1910 ಇದ್ದದ್ದು ಸುಮಾರು 1800 ಆಗಿರುತ್ತದೆ, ಓಟದ ಖರ್ಚು 434ಕ್ಕೆ ಇಳಿದಿರುತ್ತದೆ.

ಈ ಲೆಕ್ಕ ಗರ್ಭಿಣಿಯರಿಗೆ, ಹಾಲುಣಿಸುವ ತಾಯಂದಿರಿಗೆ ಅನ್ವಯಿಸುವುದಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂತಹ ಮಾತ್ರೆ ತೆಗೆದುಕೊಳ್ಳುವವರಲ್ಲಿ ಊಟ ತಗ್ಗಿ ವ್ಯಾಯಾಮ ಹೆಚ್ಚಿದರೆ ಸಕ್ಕರೆ ಹಠಾತ್ತನೆ ಕುಸಿಯಬಹುದು. ಅವರು ಮೊದಲು ವೈದ್ಯರೊಂದಿಗೆ ಮಾತನಾಡಿ ಔಷಧದ ಪ್ರಮಾಣವನ್ನು ನಿಗದಿಪಡಿಸಿಕೊಂಡ ಮೇಲೆಯೇ ಊಟಕ್ಕೆ ಕೈಹಾಕಬೇಕು.