ಭತ್ತ ಬೆಳೆಯುವವನ ಹತ್ತಿರ ರೂಪಾಯಿ ಕೇಳಿದರು

ಎಲ್ಲರಿಗೂ ನಮಸ್ಕಾರ. ಈ ಹೊತ್ತಿಗೆ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಾ ರೇಡಿಯೊ ಕೇಳುವವರು ನಮ್ಮ ಕಡೆ ಈಗಲೂ ಇದ್ದಾರೆ. ನಾನು ಮಾತಾಡಲು ಬಂದಿರುವುದು ಅವರ ಜೊತೆಗೇ. ಕೈ ನಿಲ್ಲಿಸಬೇಡಿ, ಕಿವಿ ಮಾತ್ರ ಇತ್ತ ಕೊಡಿ.

ಬ್ರಿಟಿಷರ ಮೇಲೆ ನಮ್ಮ ಜನಕ್ಕೆ ಸಿಟ್ಟು ಬಂದದ್ದು ಯಾಕೆ? ತರಗತಿಯಲ್ಲಿ ಕೇಳಿದರೆ ಮಕ್ಕಳದ್ದು ಒಂದೇ ಉತ್ತರ, 'ಸ್ವಾತಂತ್ರ್ಯಕ್ಕಾಗಿ ಸಾರ್.' ಸರಿ ಮಾರಾಯ. ಆದರೆ 1837ರಲ್ಲಿ ಸುಳ್ಯದ ರೈತ ಬೆಳಿಗ್ಗೆ ಎದ್ದು ಗದ್ದೆಗೆ ಹೋಗುವಾಗ ಅವನ ತಲೆಯಲ್ಲಿ ಇದ್ದದ್ದು ಏನು? ರೂಪಾಯಿ. ಭತ್ತ ಬೆಳೆಯುವವನ ಹತ್ತಿರ ಕಂಪೆನಿಯವರು ರೂಪಾಯಿ ಕೇಳಿದರು. ಇವತ್ತು ನಾನು ಹೇಳಲಿಕ್ಕಿರುವುದು ಇಷ್ಟೇ.

ಕತೆ ಹೀಗೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿ ಕೊಡಗಿನ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯದ ಸೀಮೆಯನ್ನು ಕತ್ತರಿಸಿ ನಮ್ಮ ಕರಾವಳಿಯ ಕೆನರಾ ಜಿಲ್ಲೆಗೆ ಸೇರಿಸಿತು. ಕೆನರಾ ಆಗ ಮದ್ರಾಸಿನ ಅಧೀನ. ಅರಸನ ಕಾಲದಲ್ಲಿ ತೀರ್ವೆಯನ್ನು, ಅಂದರೆ ಭೂಕಂದಾಯವನ್ನು, ಬೆಳೆಯ ರೂಪದಲ್ಲೇ ಕೊಡಬಹುದಿತ್ತು. ಗದ್ದೆಯಲ್ಲಿ ಬೆಳೆದದ್ದರಲ್ಲಿ ಅರಸನ ಪಾಲು ಅಳೆದು ಕೊಟ್ಟರೆ ಲೆಕ್ಕ ಮುಗಿಯಿತು. ಕಂಪೆನಿಯವರು ಬಂದು ಹೇಳಿದರು, ಭತ್ತ ಬೇಡ, ನಗದು ತನ್ನಿ.

ಅದರಲ್ಲೇನು ಮಹಾ, ಮಾರಿ ಕೊಟ್ಟರಾಯಿತಲ್ಲ ಅಂತ ನಿಮಗೂ ಅನಿಸಬಹುದು. ನನಗೂ ಅನಿಸಿತ್ತು. ನನ್ನ ಕಣ್ಣು ತೆರೆಸಿದವರು ಒಬ್ಬ ಅಜ್ಜ. ಸುಳ್ಯದ ಒಳಭಾಗದ ಒಂದು ಮನೆಗೆ ಹಳೇ ಕಡತ ನೋಡಲಿಕ್ಕೆ ಹೋಗಿದ್ದೆ. ಕಡತವನ್ನೆಲ್ಲ ಗೆದ್ದಲು ತಿಂದಿತ್ತು. ಆದರೆ ಅಂಗಳದಲ್ಲಿ ಅಜ್ಜ ಅಕ್ಕಿ ಮುಡಿ ಕಟ್ಟುತ್ತಿದ್ದರು. ಮುಡಿ ಕಟ್ಟುವುದನ್ನು ನೀವು ನೋಡಿದ್ದೀರಾ? ಈಗಿನವರು ಮದುವೆ ಮಂಟಪದಲ್ಲಿ ಅಲಂಕಾರಕ್ಕೆ ಇಟ್ಟದ್ದನ್ನು ನೋಡಿರಬಹುದು, ಅಷ್ಟೇ. ಬೈಹುಲ್ಲು ಹರಡಿ, ನಡುವೆ ಅಕ್ಕಿ ಸುರಿದು, ಹುಲ್ಲನ್ನು ಮೇಲೆತ್ತಿ ಸುತ್ತಿದರು. ಹುಲ್ಲಿನದ್ದೇ ಹಗ್ಗ ಬಿಗಿದರು. ಆಮೇಲೆ ಮರದ ಕೊಡತಿಯಿಂದ ಸುತ್ತ ಬಡಿದರು, ಬಡಿದರು, ಅದು ಉರುಟು ಚೆಂಡಿನ ಹಾಗೆ ಆಗುವವರೆಗೆ ಬಡಿದರು. ನಾನು ಕಡತ ಮರೆತು ಅಲ್ಲೇ ಕೂತೆ.

'ಮಾಸ್ಟ್ರೇ, ಇದನ್ನು ಅಟ್ಟದಲ್ಲಿಟ್ಟರೆ ಮುಂದಿನ ಮಳೆಗಾಲಕ್ಕೂ ಏನೂ ಆಗುವುದಿಲ್ಲ' ಅಂದರು ಅಜ್ಜ. 'ಕೊಯ್ಲಿನ ಹೊತ್ತಿಗೆ ಕ್ರಯ ಇರುವುದಿಲ್ಲ. ಮಳೆ ಸುರಿಯುವ ಆಟಿ ತಿಂಗಳಲ್ಲಿ ಕೇಳಿ ನೋಡಿ!'

ನಾನು ಕಂಪೆನಿಯ ನಗದು ತೀರ್ವೆಯ ವಿಷಯ ಹೇಳಿದೆ. ಅಜ್ಜ ಕೊಡತಿ ಕೆಳಗಿಟ್ಟು ನಕ್ಕರು. 'ಹಾಗಾದರೆ ಎಲ್ಲರೂ ಒಂದೇ ವಾರ ಮಾರಲಿಕ್ಕೆ ಓಡಬೇಕಲ್ಲ. ತಕ್ಕೊಳ್ಳುವವನಿಗೆ ಹಬ್ಬ!'

ನೋಡಿ, ನಾಲ್ಕು ಪುಸ್ತಕ ಓದಿ ನನಗೆ ಅರ್ಥವಾಗದ್ದು ಎರಡು ಮಾತಿನಲ್ಲಿ ಬಂತು. ತೀರ್ವೆಯ ಕಂತು ಕಟ್ಟುವ ವಾಯಿದೆ ಬಂದಾಗ ಇಡೀ ಊರು ಒಟ್ಟಿಗೇ ಮಾರಬೇಕು. ಕ್ರಯ ಬೀಳುತ್ತದೆ. ಮಾರಿದ್ದು ಸಾಲದಿದ್ದರೆ ಸಾಹುಕಾರನ ಮನೆ ಬಾಗಿಲು. ಅಟ್ಟದಲ್ಲಿ ಅಕ್ಕಿ ಇದ್ದವನೂ ಸಾಲಗಾರನಾಗುತ್ತಾನೆ. ಅರಸನಿಗೆ ಭತ್ತ ಕೊಟ್ಟಾಗ ಕ್ರಯ ಬಿದ್ದರೆ ಅರಸನಿಗೂ ಪೆಟ್ಟು. ರೂಪಾಯಿ ಲೆಕ್ಕದಲ್ಲಿ ಪೆಟ್ಟು ಪೂರ್ತಿ ರೈತನಿಗೆ. ತೀರ್ವೆ ಜಾಸ್ತಿಯೋ ಕಡಿಮೆಯೋ ಅನ್ನುವುದು ಆಮೇಲಿನ ಮಾತು. ಭತ್ತ ಬೆಳೆಯುವವನ ಹತ್ತಿರ ರೂಪಾಯಿ ಕೇಳಿದರು, ಗೊತ್ತಾಯಿತಲ್ವಾ?

ಇದು ಸುಳ್ಯದ್ದು ಮಾತ್ರ ಅಲ್ಲ. 1830–31ರಲ್ಲೇ ಕೆನರಾದ ರೈತರು ಕೂಟ ಕಟ್ಟಿ ತೀರ್ವೆ ಕೊಡುವುದಿಲ್ಲ ಅಂದಿದ್ದರು. ಆಗಲೂ ಕ್ರಯ ಬಿದ್ದಿತ್ತು, ತೀರ್ವೆ ಇಳಿದಿರಲಿಲ್ಲ. ಕಲೆಕ್ಟರ ಕಚೇರಿಗೆ ಇದು ಗೊತ್ತಿರಲಿಲ್ಲ ಅಂತ ಯಾರೂ ಹೇಳಬೇಡಿ.

1837ರ ಮಾರ್ಚ್ ಕೊನೆಗೆ ಸುಳ್ಯದ ಜನ ಎದ್ದರು. ಕೆದಂಬಾಡಿ ರಾಮಯ್ಯ ಗೌಡರು, ಗುಡ್ಡೆಮನೆ ಅಪ್ಪಯ್ಯ ಗೌಡರು ಮುಂದಾಳುಗಳಾಗಿದ್ದರು. ಅರಸು ಮನೆತನದವನು ಅಂತ ಜನರನ್ನು ನಂಬಿಸಲು ಪುಟ್ಟಬಸಪ್ಪ ಎಂಬವನನ್ನು ಕಲ್ಯಾಣಸ್ವಾಮಿ ಅಂತ ಮುಂದೆ ನಿಲ್ಲಿಸಿದರು. ಬೆಳ್ಳಾರೆಯ ಖಜಾನೆ ಕೈಗೆ ಬಂತು. ನಂದಾವರದ ಅರಸು ಮನೆತನದ ಲಕ್ಷ್ಮಪ್ಪ ಬಂಗರಸರೂ ಸೇರಿಕೊಂಡರು. ಏಪ್ರಿಲ್ 5ಕ್ಕೆ ಮಂಗಳೂರು! ಸೆರೆಮನೆ ಬಾಗಿಲು ತೆರೆದರು. ಬಾವುಟಗುಡ್ಡೆಯಲ್ಲಿ ತಮ್ಮ ಬಾವುಟ ಹಾರಿಸಿದರು. ರಾಮಯ್ಯ ಗೌಡರ ಪ್ರತಿಮೆ ನಿಂತಿರುವುದೂ ಅಲ್ಲೇ, 2022ರಿಂದ.

ಹದಿಮೂರು ದಿನ ಮಂಗಳೂರು ಅವರದ್ದಾಗಿತ್ತು. ಕಣ್ಣೂರು ಕಡೆಯಿಂದ ಸೈನ್ಯ ಬಂತು, ಮುಗಿಯಿತು. ಕಲ್ಯಾಣಸ್ವಾಮಿಯನ್ನೂ ಬಂಗರಸರನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೆ ಹಾಕಿದರು. ಅಪ್ಪಯ್ಯ ಗೌಡರನ್ನು ಅಕ್ಟೋಬರ್‌ನಲ್ಲಿ ಮಡಿಕೇರಿಯ ಕೋಟೆಯಲ್ಲಿ.

ಆಮೇಲೆ ಇದಕ್ಕೆ ಅಂಟಿದ ಹೆಸರು 'ಕಲ್ಯಾಣಪ್ಪನ ಕಾಟಕಾಯಿ'. ಕಲ್ಯಾಣಪ್ಪ ಅಂದರೆ ಅದೇ ಕಲ್ಯಾಣಸ್ವಾಮಿ. ಕಾಟಕಾಯಿ ಅಂದರೆ ಲೂಟಿ, ದಾಂಧಲೆ. ನಾವೂ ಸುಮ್ನೆ ಅದನ್ನೇ ಹೇಳುತ್ತಾ ಬಂದೆವು. ನಾನು ಕಲಿತದ್ದೂ ಹಾಗೇ. ಈಗ ಯಾರಾದರೂ ನನ್ನೆದುರು ಕಾಟಕಾಯಿ ಅಂದರೆ ಸ್ವಲ್ಪ ಪಿತ್ತ ನೆತ್ತಿಗೇರುತ್ತದೆ, ಕ್ಷಮಿಸಿ. ಲೂಟಿಗೆ ಬಂದವರು ಉಪ್ಪಿನ ಸುಂಕ, ಹೊಗೆಸೊಪ್ಪಿನ ಸುಂಕ ತೆಗೆದಿದ್ದೇವೆ ಅಂತ ಸಾರುತ್ತಾರಾ?

ಹೊಗೆಸೊಪ್ಪಿನದ್ದು ಬೇರೆಯೇ ಒಂದು ಕತೆ. ಕೆನರಾದಲ್ಲಿ ಅದರ ವ್ಯಾಪಾರ ಪೂರ್ತಿ ಕಂಪೆನಿಯ ಕೈಯಲ್ಲಿ. ಎಲೆ ಅಡಿಕೆ ಜೊತೆ ಒಂದು ಚೂರು ಹೊಗೆಸೊಪ್ಪು ಇಲ್ಲದೆ ಗದ್ದೆಗೆ ಇಳಿಯದ ಆಳುಗಳು, ಅವರೂ ಕಂಪೆನಿ ಹೇಳಿದ ಕ್ರಯ ಕೊಡಬೇಕು. ಅದೂ ಮತ್ತೆ ರೂಪಾಯಿ, ಕಾಸು! ಅದನ್ನು ವಿವರವಾಗಿ ಹೇಳಬೇಕೆಂದು ಬರೆದುಕೊಂಡು ಬಂದಿದ್ದೆ. ಆದರೆ ಗಾಜಿನ ಆಚೆಯಿಂದ ಕೈ ತೋರಿಸುತ್ತಿದ್ದಾರೆ. ಮುಡಿ ಕಟ್ಟುವುದರಲ್ಲೇ ಹೊತ್ತು ಹೋಯಿತು. ಉಪ್ಪು, ಹೊಗೆಸೊಪ್ಪು ಎರಡನ್ನೂ ಇನ್ನೊಂದು ದಿನ ಕರೆದರೆ ಹೇಳುತ್ತೇನೆ. ನಮಸ್ಕಾರ.